ಕಾಂಗರೂ ನಾಡಿಗೆ ಡಾಕ್ಟರಿಕೆ ಕಲಿಯಲು

ನಮ್ಮಲ್ಲಿ ಪಿ.ಯು.ಸಿ. ಮುಗಿಸಿದ ಮಕ್ಕಳು ನೇರವಾಗಿ ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಮೊದಲು ನಾಲ್ಕು ವರ್ಷ ಡಿಗ್ರಿ ಓದಬೇಕು. ಆಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ. ಅದೂ ಆದ ಮೇಲೆ ಹತ್ತಾರು ಕಾಲೇಜುಗಳಿಗೆ ಅರ್ಜಿ ಹಾಕಿ, ಸಂದರ್ಶನಕ್ಕೆ ಕರೆ ಬಂದೀತೇ ಎಂದು ಬಾಗಿಲು ಕಾಯಬೇಕು. ಒಂದು ವರ್ಷ ಅರ್ಜಿ ಹಾಕಿದವರಲ್ಲಿ ಅರ್ಧದಷ್ಟು ಮಂದಿಗೂ ಸೀಟು ಸಿಗುವುದಿಲ್ಲ. ಪಕ್ಕದ ಕೆನಡಾದಲ್ಲಿ ಇನ್ನೂ ಬಿಗಿ. ಸಿಗದವರೆಲ್ಲ ದಡ್ಡರೆಂದು ತಿಳಿಯಬೇಡಿ. ಚೆನ್ನಾಗಿ ಓದುವ ಮಕ್ಕಳೇ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡು ಮಂಕಾಗಿ ಕೂರುತ್ತಾರೆ.

ಇಂಥವರಲ್ಲಿ ಕೆಲವರು ಕೆರಿಬಿಯನ್ ದ್ವೀಪಗಳ ಕಾಲೇಜುಗಳಿಗೆ, ಕೆಲವರು ಐರ್ಲೆಂಡಿಗೆ, ಮತ್ತೆ ಕೆಲವರು ಆಸ್ಟ್ರೇಲಿಯಕ್ಕೆ ಹೋಗುತ್ತಾರೆ. ನನ್ನ ಅಕ್ಕನ ಮಗಳು ಹೀಗೆ ಹೋದವಳು. ಹುಟ್ಟಿ ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಎರಡು ವರ್ಷ ಪ್ರಯತ್ನಪಟ್ಟು ಸಾಕಾಗಿ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕಾಲೇಜೊಂದರಲ್ಲಿ ಸೀಟು ಸಿಕ್ಕಿದ್ದೇ ತಡ, ಹೊರಟು ನಿಂತಳು. ಅಕ್ಕ ಆಗ ಫೋನಿನಲ್ಲಿ, "ನಾವು ಮೈಸೂರು ಬಿಟ್ಟು ಇಲ್ಲಿಗೆ ಬಂದದ್ದೇ ಅಮ್ಮನಿಗೆ ದೂರ ಆಗಿತ್ತು. ಈಗ ಇವಳು ಇನ್ನೊಂದು ತುದಿಗೆ ಹೋಗ್ತೀನಿ ಅಂತಾಳೆ ಕಣೇ" ಎಂದು ಅತ್ತಳು. ಅಂದಿನಿಂದ ನಾಲ್ಕು ವರ್ಷ ಅವರಿಬ್ಬರ ಬಾಯಲ್ಲಿ ಕೇಳಿ, ಆಮೇಲೆ ಓದಿ, ವಿಚಾರಿಸಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಓದುಗ ಸೋದರಿಯರಲ್ಲಿ ಮಕ್ಕಳು, ತಂಗಿಯರು ಅಮೆರಿಕದಲ್ಲಿರುವವರು ಬಹಳ ಮಂದಿ ಇದ್ದೀರಲ್ಲ!

ಆಸ್ಟ್ರೇಲಿಯದಲ್ಲಿಯೂ ಮೊದಲೆಲ್ಲ ಬ್ರಿಟಿಷರ ಪದ್ಧತಿಯಂತೆ ಹೈಸ್ಕೂಲು ಮುಗಿಸಿದ ಕೂಡಲೇ ಮೆಡಿಕಲ್ ಸೇರುತ್ತಿದ್ದರು. 1996ರಲ್ಲಿ ಅಡಿಲೇಡಿನ ಫ್ಲಿಂಡರ್ಸ್ ವಿಶ್ವವಿದ್ಯಾಲಯ ಡಿಗ್ರಿ ಆದವರಿಗೆ ನಾಲ್ಕು ವರ್ಷದ ಕೋರ್ಸು ಆರಂಭಿಸಿತು. ಮರುವರ್ಷ ಸಿಡ್ನಿ ಮತ್ತು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯಗಳು ಅದೇ ದಾರಿ ಹಿಡಿದವು. ಮೆಲ್ಬರ್ನ್ 2011ರಲ್ಲಿ ಎಂ.ಡಿ. ಎಂಬ ಹೆಸರಿನಲ್ಲೇ ಪದವಿ ಕೊಡಲು ತೊಡಗಿತು. (ನಮ್ಮ ಎಂ.ಡಿ. ಎಂದರೆ ಎಂ.ಬಿ.ಬಿ.ಎಸ್. ಆದ ಮೇಲಿನ ಓದು. ಅಲ್ಲಿ ಹಾಗಲ್ಲ, ಡಾಕ್ಟರಾಗುವ ಮೊದಲ ಪದವಿಗೇ ಆ ಹೆಸರು.) ಅಮೆರಿಕದ ಡಿಗ್ರಿ, ಅಮೆರಿಕದ ಎಂಕ್ಯಾಟ್ ಅಂಕ ಎರಡನ್ನೂ ಅಲ್ಲಿ ಒಪ್ಪುತ್ತಾರೆ. ಪಾಠ ಇಂಗ್ಲಿಷಿನಲ್ಲಿ. ಆಸ್ಪತ್ರೆಗಳು ಒಳ್ಳೆಯವು. ಮತ್ತೇನು ಬೇಕು ಎನ್ನಿಸುತ್ತದೆ.

ಹೋಗಿ ಇಳಿದ ಮೇಲೆ ಎಲ್ಲವೂ ತಿರುಗುಮುರುಗು. ಕಾಲೇಜು ಶುರುವಾಗುವುದು ಜನವರಿ ಕೊನೆ ಇಲ್ಲವೇ ಫೆಬ್ರವರಿಯಲ್ಲಿ, ಸುಡುಬೇಸಿಗೆಯಲ್ಲಿ. ಜುಲೈ ಎಂದರೆ ಚಳಿಗಾಲ. ಅಮೆರಿಕದವರು ನವೆಂಬರಿನಲ್ಲಿ ಮನೆಮಂದಿಯೆಲ್ಲ ಸೇರಿ ಊಟ ಮಾಡುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಈ ಮಕ್ಕಳಿಗೆ ವರ್ಷದ ಕೊನೆಯ ಪರೀಕ್ಷೆಯ ಗಡಿಬಿಡಿ. ವಾಹನ ಓಡುವುದು ನಮ್ಮ ಹಾಗೆ ಎಡಗಡೆ. ಹುಡುಗಿ ಮೊದಲ ತಿಂಗಳು ರಸ್ತೆ ದಾಟುವಾಗ ತಪ್ಪು ಕಡೆಗೇ ಕತ್ತು ತಿರುಗಿಸುತ್ತಿದ್ದಳಂತೆ.

ನನಗೆ ಬಹಳ ತಮಾಷೆ ಎನ್ನಿಸಿದ್ದು ಆಸ್ಪತ್ರೆಯ ಮಾತು. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ನಮ್ಮ ಮನೆಮನೆಯ ಡಬ್ಬಿಯಲ್ಲೂ ಇದೆ. ಅಮೆರಿಕದಲ್ಲಿ ಅದರ ಹೆಸರು ಅಸಿಟಮಿನೋಫೆನ್! ನಾವು ಅಡ್ರಿನಲಿನ್ ಎನ್ನುವುದನ್ನು ಅವರು ಎಪಿನೆಫ್ರಿನ್ ಎನ್ನುತ್ತಾರೆ. ಆಸ್ಟ್ರೇಲಿಯದಲ್ಲಿ ನಮ್ಮ ಹಾಗೆಯೇ ಪ್ಯಾರಸಿಟಮಾಲ್, ನಮ್ಮ ಹಾಗೆಯೇ ಆಪರೇಷನ್ ಥಿಯೇಟರ್. ಅಮೆರಿಕದಲ್ಲಿ ಬೆಳೆದ ಹುಡುಗಿಗೆ ಹೊಸದಾಗಿದ್ದ ಮಾತೆಲ್ಲ ಅವಳ ಅಜ್ಜಿಗೆ ಗೊತ್ತಿತ್ತು. ಆದರೆ ಸಕ್ಕರೆ ಕಾಯಿಲೆಯ ಲೆಕ್ಕದಲ್ಲಿ ಅಜ್ಜಿಯೂ ಸೋಲಬೇಕು. ನಮ್ಮಲ್ಲೂ ಅಮೆರಿಕದಲ್ಲೂ "ಶುಗರ್ ನೂರಿದೆ" ಎಂದರೆ ಅದೇ ರಕ್ತಕ್ಕೆ ಆಸ್ಟ್ರೇಲಿಯದಲ್ಲಿ "ಐದೂವರೆ" ಎನ್ನುತ್ತಾರೆ. ನಮ್ಮ ಅಂಕಿಯನ್ನು 18ರಿಂದ ಭಾಗಿಸಿದರೆ ಅವರದು ಬರುತ್ತದೆ. ಜ್ವರವೂ ನಮ್ಮ ನೂರು, ನೂರೊಂದಲ್ಲ, ಸೆಲ್ಸಿಯಸ್ಸಿನ 38. ಕೆನಡಾದ ಮಕ್ಕಳಿಗೆ ಈ ಎರಡು ಲೆಕ್ಕ ಮೊದಲೇ ರೂಢಿ. ಅಮೆರಿಕದವರು ಮಾತ್ರ ಹಗಲು ಒಂದು ಲೆಕ್ಕ ಕಲಿತು, ರಾತ್ರಿ ತಮ್ಮ ದೇಶದ ಪರೀಕ್ಷೆಗಾಗಿ ಇನ್ನೊಂದನ್ನು ಓದಬೇಕು.

ಬೇಸಿಗೆ ರಜೆಯಲ್ಲಿ ಅಕ್ಕ ಮಗಳನ್ನು ನೋಡಲು ಹೋದಾಗ ಚಟ್ನಿಪುಡಿ, ಮೆಂತ್ಯದ ಹಿಟ್ಟು ಒಯ್ದಿದ್ದಳು. ಆಸ್ಟ್ರೇಲಿಯಕ್ಕೆ ತಿಂಡಿ ಒಯ್ಯುವವರು ಇದನ್ನು ನೆನಪಿಡಿ: ತಿನ್ನುವ ವಸ್ತು ಏನಿದ್ದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆದು ತೋರಿಸಲೇಬೇಕು. ಹಸಿ ಕರಿಬೇವು, ಹಣ್ಣು, ಮೊಳೆಯುವ ಬೀಜ ಇವಕ್ಕೆ ಪ್ರವೇಶವಿಲ್ಲ. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ, ವೀಸಾಕ್ಕೂ ಸಂಚಕಾರ. ಅಕ್ಕ ಎಲ್ಲ ಬರೆದಿದ್ದಳು. ಅಧಿಕಾರಿ ಮೂಸಿ ನೋಡಿ, ನಕ್ಕು ಬಿಟ್ಟರಂತೆ.

ಇನ್ನು ಹಣದ ವಿಚಾರ. ಹೊರದೇಶದ ವಿದ್ಯಾರ್ಥಿಗಳಿಗೆ ದೊಡ್ಡ ಕಾಲೇಜುಗಳ ಫೀಸು ವರ್ಷಕ್ಕೆ 90,000 ಆಸ್ಟ್ರೇಲಿಯನ್ ಡಾಲರಿನ ಆಸುಪಾಸು, ಕೆಲವೆಡೆ ಅದಕ್ಕೂ ಹೆಚ್ಚು. ಮೇಲೆ ಮನೆ ಬಾಡಿಗೆ, ಊಟ, ವೀಸಾಕ್ಕಾಗಿ ಕಡ್ಡಾಯವಾದ ಆರೋಗ್ಯ ವಿಮೆ. ಓದುತ್ತಾ ದುಡಿಯಲಿ ಎಂದರೆ, ಕಾಲೇಜು ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಮೆಡಿಕಲ್ ಓದುವವರಿಗೆ ಅಷ್ಟು ಹೊತ್ತಾದರೂ ಎಲ್ಲಿ? ಅಮೆರಿಕದ ಸರ್ಕಾರ ಹೊರದೇಶದ ಕೆಲವು ಕಾಲೇಜುಗಳಲ್ಲಿ ಓದಲೂ ಸಾಲ ಕೊಡುತ್ತದೆ. ಮೊದಲು ಖರ್ಚು ಎಷ್ಟೋ ಅಷ್ಟು ಸಿಗುತ್ತಿತ್ತು. 2025ರಲ್ಲಿ ಬಂದ ಕಾನೂನು 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಎಂದು ಮಿತಿ ಹಾಕಿದೆ. ಅದು ಫೀಸಿಗೇ ಸಾಲದು. ನಮ್ಮ ಭಾವ ಹಳೆಯ ಕಾನೂನಿನಲ್ಲಿ ಸಾಲ ಮಾಡಿಸಿದವರು, ಆದರೂ ಮನೆಯನ್ನು ಅಡವಿಟ್ಟರು.

ಇಷ್ಟೆಲ್ಲ ಸಹಿಸಿ ಓದಿದರೆ ಮುಗಿಯಿತೇ? ಇಲ್ಲ. ಎಲ್ಲರೂ ಸೀಟಿನ ಚಿಂತೆಯಲ್ಲಿ ಮುಳುಗಿ, ಈ ಮುಂದಿನ ಮಾತನ್ನು ಕೇಳುವುದೇ ಇಲ್ಲ. ಪದವಿ ಕೈಗೆ ಬಂದವರು ಪೂರ್ತಿ ಡಾಕ್ಟರಲ್ಲ. ಆಸ್ಟ್ರೇಲಿಯದಲ್ಲಿ ಪೂರ್ಣ ನೋಂದಣಿಗೆ ಒಂದು ವರ್ಷ ಇಂಟರ್ನ್ ಆಗಿ ದುಡಿಯಬೇಕು. ಆ ಜಾಗಗಳನ್ನು ಕೊಡುವಾಗ ರಾಜ್ಯಗಳು ಮೊದಲು ತಮ್ಮ ಮಕ್ಕಳನ್ನು ನೋಡುತ್ತವೆ, ಹೊರಗಿನವರ ಸರದಿ ಆಮೇಲೆ. ಮುಂದೆ ಅಲ್ಲಿಯೇ ನಿಂತರೂ, ಸರ್ಕಾರದ ಮೆಡಿಕೇರ್ ಹಣ ಸಿಗುವಂಥ ಪ್ರಾಕ್ಟೀಸು ಮಾಡಲು ಸಾಮಾನ್ಯವಾಗಿ 10 ವರ್ಷ ಡಾಕ್ಟರ ಕೊರತೆಯಿರುವ ಕಡೆ ಇರಬೇಕು. ಅಂಥ ಕಡೆ ಎಂದರೆ ಹೆಚ್ಚಾಗಿ ಹಳ್ಳಿಗಾಡು. ಅಲ್ಲಿನ ಹಳ್ಳಿ ನಮ್ಮ ಹಳ್ಳಿಯಲ್ಲ, ಮನೆಯಿಂದ ಮನೆಗೆ ಮೈಲಿಗಟ್ಟಲೆ. 1928ರಲ್ಲಿ ಜಾನ್ ಫ್ಲಿನ್ ಎಂಬ ಪಾದ್ರಿ ಕ್ವೀನ್ಸ್‌ಲ್ಯಾಂಡಿನ ಕ್ಲಾಂಕರಿಯಲ್ಲಿ ವಿಮಾನದ ಡಾಕ್ಟರ ಸೇವೆ ಆರಂಭಿಸಿದ್ದು ಈ ದೂರದಿಂದಲೇ. ಅದು ಇಂದಿಗೂ ಹಾರುತ್ತಿದೆ.

ಮನೆಗೆ ಹಿಂದಿರುಗುವ ದಾರಿಯಾದರೂ ಸುಲಭವೇ? ಅಮೆರಿಕದಲ್ಲಿ ಹುಟ್ಟಿದವಳಾದರೂ ಹೊರಗೆ ಓದಿದಳೆಂದರೆ ಅವಳು "ಹೊರದೇಶದ ಪದವೀಧರೆ". ಅಮೆರಿಕದ ಲೈಸೆನ್ಸ್ ಪರೀಕ್ಷೆಗಳನ್ನು ಕಟ್ಟಬೇಕು. ಮೊದಲನೆಯದಕ್ಕೆ 2022ರಿಂದ ಅಂಕವಿಲ್ಲ, ಪಾಸು-ಫೇಲು ಅಷ್ಟೆ. ಹಾಗಾಗಿ ಎರಡನೆಯದರ ಅಂಕದ ಮೇಲೆ ಎಲ್ಲರ ಕಣ್ಣು. ಅಮೆರಿಕದ ಆಸ್ಪತ್ರೆಯಲ್ಲಿ ಕೆಲವು ವಾರವಾದರೂ ಕೆಲಸ ಮಾಡಿ ಅಲ್ಲಿನ ಡಾಕ್ಟರರಿಂದ ಶಿಫಾರಸು ಪತ್ರ ತರಬೇಕು. ಕೊನೆಗೆ ರೆಸಿಡೆನ್ಸಿ ಎಂಬ ತರಬೇತಿಗೆ "ಮ್ಯಾಚ್" ಆಗಬೇಕು. ಇದು ಒಂಥರಾ ಜಾತಕ ಕೂಡಿಸಿದ ಹಾಗೆ. ಇವರು ಆಸ್ಪತ್ರೆಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುತ್ತಾರೆ, ಆಸ್ಪತ್ರೆಗಳು ಇವರನ್ನು ಬರೆದು ಕೊಡುತ್ತವೆ, ಕಂಪ್ಯೂಟರು ಗಂಟು ಹಾಕುತ್ತದೆ. 2024ರಲ್ಲಿ ಅಮೆರಿಕದ ಎಂ.ಡಿ. ಕಾಲೇಜುಗಳಲ್ಲೇ ಕೊನೆಯ ವರ್ಷ ಓದುತ್ತಿದ್ದವರಲ್ಲಿ ನೂರಕ್ಕೆ 93 ಮಂದಿಗೆ ಜಾಗ ಸಿಕ್ಕಿತು. ಹೊರಗೆ ಓದಿ ಬಂದ ಅಮೆರಿಕದವರಲ್ಲಿ ಸಿಕ್ಕಿದ್ದು ನೂರಕ್ಕೆ 67 ಮಂದಿಗೆ. ಉಳಿದ 33 ಮನೆಗಳ ತಾಯಂದಿರನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸಾಲ ಮಾತ್ರ ನೂರು ಮನೆಗೂ ಒಂದೇ.

ಇದನ್ನು ಮೊದಲೇ ಯೋಚಿಸಿ ಮಾಡಿದ ಒಂದು ಏರ್ಪಾಡು ಉಂಟು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2009ರಿಂದ ಅಮೆರಿಕದ ನ್ಯೂ ಆರ್ಲಿಯನ್ಸಿನ ಆಕ್ಸ್‌ನರ್ ಸಂಸ್ಥೆಯೊಡನೆ ಸೇರಿ ನಡೆಸುತ್ತಿರುವ ಕೋರ್ಸಿನಲ್ಲಿ ಮೊದಲೆರಡು ವರ್ಷ ಬ್ರಿಸ್ಬೇನಿನಲ್ಲಿ, ಕೊನೆಯೆರಡು ವರ್ಷ ನ್ಯೂ ಆರ್ಲಿಯನ್ಸಿನ ಆಸ್ಪತ್ರೆಯಲ್ಲಿ. ಅಮೆರಿಕಕ್ಕೇ ಮರಳಬೇಕೆನ್ನುವವರಿಗೆ ಇದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕೆನಡಾದವರದು ಬೇರೆಯೇ ಪರೀಕ್ಷೆ, ಕಾರ್ಮ್ಸ್ ಎಂಬ ಬೇರೆಯೇ ಮ್ಯಾಚ್. ಅಲ್ಲಿ ಹೊರಗೆ ಓದಿದವರಿಗೆ ಇಟ್ಟಿರುವ ಜಾಗ ಕಡಿಮೆ. ಆಂಟೇರಿಯೊ ಪ್ರಾಂತ್ಯದಲ್ಲಿ ಅಂಥವರು ತರಬೇತಿ ಮುಗಿಸಿ ಗೊತ್ತುಪಡಿಸಿದ ಊರುಗಳಲ್ಲಿ ದುಡಿಯುತ್ತೇನೆಂದು ಬಾಂಡ್ ಬರೆದುಕೊಡಬೇಕು.

ಆದ್ದರಿಂದ ಯಾವ ಕಾಲೇಜಿನವರು ಬಣ್ಣದ ಪುಸ್ತಕ ಕಳಿಸಿದರೂ ಹಣ ಕಟ್ಟುವ ಮುಂಚೆ ಒಂದು ಪತ್ರ ಬರೆದು ಕೇಳಿ: ಕಳೆದ ವರ್ಷ ನಿಮ್ಮಲ್ಲಿ ಮುಗಿಸಿದ ಅಮೆರಿಕದ, ಕೆನಡಾದ ಮಕ್ಕಳೆಷ್ಟು? ಅವರಲ್ಲಿ ತಮ್ಮ ದೇಶದಲ್ಲಿ ರೆಸಿಡೆನ್ಸಿ ಸಿಕ್ಕಿದ್ದು ಎಷ್ಟು ಮಂದಿಗೆ, ಆಸ್ಟ್ರೇಲಿಯದಲ್ಲಿ ಇಂಟರ್ನ್ ಆದವರೆಷ್ಟು? ಅಂಕಿ ಕೊಡದೆ ಬರೀ ಸವಿಮಾತು ಬರೆದರೆ ಅದೂ ಒಂದು ಉತ್ತರವೇ.

ನಮ್ಮ ಹುಡುಗಿ ಕಳೆದ ನವೆಂಬರಿನಲ್ಲಿ ಓದು ಮುಗಿಸಿದಳು. ಮಕ್ಕಳ ಡಾಕ್ಟರಾಗಬೇಕೆಂದು ಅಮೆರಿಕದ ಮ್ಯಾಚಿಗೆ ಅರ್ಜಿ ಹಾಕಿದ್ದಾಳೆ. ಆದರೆ ಅಮೆರಿಕದಲ್ಲಿ ತರಬೇತಿ ಶುರುವಾಗುವುದು ಜುಲೈಗೆ, ಆಸ್ಟ್ರೇಲಿಯದ ಇಂಟರ್ನ್ ವರ್ಷ ಜನವರಿಗೆ. ಒಳನಾಡಿನ ಸಣ್ಣ ಊರೊಂದರ ಆಸ್ಪತ್ರೆ ಕರೆಯಿತೆಂದು ಅಲ್ಲಿಯೇ ಸೇರಿಬಿಟ್ಟಿದ್ದಾಳೆ. "ಎರಡು ದೋಣಿ ಮೇಲೆ ಕಾಲಿಟ್ಟಿದ್ದಾಳೆ, ನೀನಾದ್ರೂ ಹೇಳು" ಎಂದು ಅಕ್ಕ ನನಗೆ ಗಂಟುಬಿದ್ದಳು. ಹೇಳಿದೆ. ಅವಳೆಂದಳು: "ಚಿಕ್ಕಮ್ಮಾ, ಇದನ್ನ ಬಿಟ್ಟು ಅದೂ ಸಿಗಲಿಲ್ಲ ಅಂದ್ರೆ ಅಪ್ಪನ ಸಾಲ ಯಾರು ತೀರಿಸ್ತಾರೆ? ಅಲ್ದೆ ಇಲ್ಲಿನ ಜನ ನಂಗೆ ಹಿಡಿಸಿದಾರೆ." ಕೊನೆಯ ಮಾತನ್ನು ನಾನು ಅಕ್ಕನಿಗೆ ಹೇಳಿಲ್ಲ.

ಮ್ಯಾಚಿನ ಫಲಿತಾಂಶ ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ, ನ್ಯೂಜೆರ್ಸಿಯ ಮಧ್ಯಾಹ್ನ 12 ಗಂಟೆಗೆ. ನಮಗಾಗ ರಾತ್ರಿ ಒಂಬತ್ತೂವರೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಶನಿವಾರ ಬೆಳಗಿನ ಜಾವ ಎರಡು. ಅವತ್ತು ಅವಳಿಗೆ ರಾತ್ರಿ ಡ್ಯೂಟಿಯಂತೆ.