ಕಳ್ಳ ಮುಟ್ಟಿದರೆ ಕೆಡುವ ಕೀಲಿ

ಹೈದರಾಬಾದಿನ ಡಿಆರ್‌ಡಿಎಲ್ ಮತ್ತು ರಿಸರ್ಚ್ ಸೆಂಟರ್ ಇಮಾರತ್ ಎರಡೂ ಅಬ್ದುಲ್ ಕಲಾಂ ದುಡಿದ ಕ್ಷಿಪಣಿ ಪ್ರಯೋಗಾಲಯಗಳು. 2020ರ ಡಿಸೆಂಬರ್‌ನಲ್ಲಿ ಇವೆರಡರ ನಡುವೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಆಪ್ಟಿಕಲ್ ಫೈಬರ್ ಮೂಲಕ ಕ್ವಾಂಟಮ್ ಸಂವಹನದ ಪರೀಕ್ಷೆ ನಡೆಸಿತು. ಹೆಸರು ಕೇಳಿದವರು ರಹಸ್ಯ ಸಂದೇಶವೇ ಬೆಳಕಿನ ಕಣವಾದ ಫೋಟಾನ್ ಏರಿ ಹೋಯಿತೆಂದುಕೊಳ್ಳುತ್ತಾರೆ. ಹಾಗೇನಿಲ್ಲ. ಸಂದೇಶ ಮಾಮೂಲಿ ದಾರಿಯಲ್ಲೇ ಹೋಗಬಹುದು. ಅದಕ್ಕೆ ಬೀಗ ಹಾಕುವ ಕೀಲಿ, ಅಂದರೆ ಸೊನ್ನೆ–ಒಂದುಗಳ ಗುಟ್ಟಿನ ಸಾಲು, ಮಾತ್ರ ಫೋಟಾನ್ ಏರಿ ಬರುತ್ತದೆ.

ಈ ಉಪಾಯದ ಪ್ರಸಿದ್ಧ ರೂಪ ಹೊರಬಿದ್ದದ್ದು ನಮ್ಮ ಬೆಂಗಳೂರಿನಲ್ಲಿ. 1984ರ ಡಿಸೆಂಬರ್‌ನಲ್ಲಿ ಇಲ್ಲಿ ನಡೆದ ಕಂಪ್ಯೂಟರ್ ಸಮ್ಮೇಳನಕ್ಕೆ ಚಾರ್ಲ್ಸ್ ಬೆನೆಟ್ ಮತ್ತು ಜಿಲ್ ಬ್ರಸಾರ್ ಬರೆದ ಐದು ಪುಟದ ಪ್ರಬಂಧವೇ ಇಂದಿನ ‘ಬಿಬಿ84’. ಹೈದರಾಬಾದಿನಲ್ಲಿ ಪರೀಕ್ಷಿಸಿದ ತಂತ್ರಜ್ಞಾನವನ್ನು ರೂಪಿಸಿದ ಎರಡು ಪ್ರಯೋಗಾಲಯಗಳಲ್ಲಿ ಒಂದು ಬೆಂಗಳೂರಿನದು, ಇನ್ನೊಂದು ಮುಂಬೈಯದು. ಊರಿನ ಅಭಿಮಾನಕ್ಕೆ ಇಷ್ಟು ಸಾಕು.

ಬಿಬಿ84ರಲ್ಲಿ ಕಳಿಸುವವರು ಕೀಲಿಯ ಪ್ರತಿ ಬಿಟ್ಟನ್ನೂ, ಅಂದರೆ ಸೊನ್ನೆ ಅಥವಾ ಒಂದನ್ನು, ಒಂದೊಂದು ಫೋಟಾನ್ ಮೇಲೆ ಎರಡು ವಿಧಾನಗಳಲ್ಲಿ ಯಾವುದೋ ಒಂದರಲ್ಲಿ ಬರೆಯುತ್ತಾರೆ. ಪಡೆಯುವವರೂ ಮನಬಂದ ವಿಧಾನದಲ್ಲಿ ಓದುತ್ತಾರೆ. ಎರಡೂ ಒಂದೇ ಆದರೆ ಉತ್ತರ ಸರಿ. ಬೇರೆಯಾದರೆ ಸೊನ್ನೆಯೂ ಬಂದೀತು, ಒಂದೂ ಬಂದೀತು. ಆಮೇಲೆ ಬಹಿರಂಗವಾಗಿಯೇ ವಿಧಾನಗಳನ್ನಷ್ಟೇ ಹೇಳಿಕೊಂಡು, ಹೊಂದಿದವನ್ನು ಉಳಿಸಿಕೊಳ್ಳುತ್ತಾರೆ. ನಡುವಿನ ಕಳ್ಳನಿಗೆ ಕಷ್ಟವಿರುವುದು ಇಲ್ಲೇ. ಅಪರಿಚಿತ ಫೋಟಾನ್‌ಗೆ ಜೆರಾಕ್ಸ್ ಇಲ್ಲ. ಹಿಡಿದು, ಓದಿ, ತನ್ನದೊಂದನ್ನು ಕಳಿಸಬೇಕು. ಅರ್ಧ ಸಲ ಅವನ ವಿಧಾನ ತಪ್ಪಿರುತ್ತದೆ. ಎಲ್ಲವನ್ನೂ ಹೀಗೆ ಓದಿದರೆ, ಉಳಿಸಿಕೊಂಡ ಬಿಟ್ಟುಗಳಲ್ಲಿ ಸರಾಸರಿ ನಾಲ್ಕಕ್ಕೊಂದು ಕೆಡುತ್ತದೆ. ಕೆಲವನ್ನು ತಾಳೆ ನೋಡಿದರೆ ಬಣ್ಣ ಬಯಲು. ಕಳ್ಳನನ್ನು ಯಾರೂ ತಡೆಯಲಿಲ್ಲ, ನಿಜ. ಆದರೆ ಅವನ ಕೈಗೆ ಸಿಕ್ಕಿದ ಕೀಲಿಯನ್ನು ಇನ್ನು ಯಾರೂ ಬಳಸುವುದಿಲ್ಲ.

ಬಿಟ್ಟನ್ನು ಬೆಳಕಿನ ಧ್ರುವೀಕರಣದಲ್ಲಿ, ಅಂದರೆ ಅದರ ಕಂಪನದ ದಿಕ್ಕಿನಲ್ಲಿ, ಬರೆಯಬಹುದು. ಆದರೆ ಬಿಸಿ ಏರಿಳಿದರೆ, ಕೇಬಲ್ ಬಾಗಿದರೆ, ಫೈಬರ್‌ನೊಳಗೆ ಆ ದಿಕ್ಕು ತಿರುಗಿಬಿಡುತ್ತದೆ. ಹೈದರಾಬಾದಿನಲ್ಲಿ ನೆಚ್ಚಿಕೊಂಡದ್ದು ಹೊತ್ತನ್ನು. ‘ಟೈಮ್-ಬಿನ್’ ಎಂಬ ಈ ಪದ್ಧತಿಯಲ್ಲಿ ಫೋಟಾನ್ ಮೊದಲೇ ಬಂದರೆ ಒಂದು ಅಂಕೆ, ತುಸು ತಡವಾದರೆ ಇನ್ನೊಂದು. ಎರಡೂ ಹೊತ್ತಿಗೆ ಹರಡಿಕೊಂಡ ಸ್ಥಿತಿಯೇ ಎರಡನೆಯ ವಿಧಾನ. ಗಡಿಯಾರದ ಕರಾರುವಾಕ್ಕು ಪಿಕೊಸೆಕೆಂಡ್ ಮಟ್ಟದ್ದು. ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲದು! ದೂರ 12 ಕಿ.ಮೀ.ಗಿಂತ ಹೆಚ್ಚು, ನಷ್ಟ 10 ಡೆಸಿಬೆಲ್. ನನಗೆ ಈ ಎರಡನೆಯ ಅಂಕಿಯೇ ಮುಖ್ಯ: ಹತ್ತು ಫೋಟಾನ್ ಹೊರಟರೆ ತಲುಪುವುದು ಒಂದೇ. ಒಳ್ಳೆಯ ಫೈಬರ್‌ನಲ್ಲಿ ಇಷ್ಟು ಕಳೆದುಹೋಗಲು ಸುಮಾರು 50 ಕಿ.ಮೀ. ಬೇಕು. ನಕಲು ಸಾಧ್ಯವಿಲ್ಲದ್ದರಿಂದ ನಡುದಾರಿಯಲ್ಲಿ ಆಂಪ್ಲಿಫೈಯರ್ ಇಡುವಂತೆಯೂ ಇಲ್ಲ. ಆದರೂ ಸೆಕೆಂಡಿಗೆ ಕಿಲೋಬಿಟ್ ಲೆಕ್ಕದಲ್ಲಿ ಕೀಲಿ ದಕ್ಕಿತು. 2022ರ ಫೆಬ್ರವರಿಯಲ್ಲಿ ಡಿಆರ್‌ಡಿಒ ಮತ್ತು ದೆಹಲಿ ಐಐಟಿ ಪ್ರಯಾಗ್‌ರಾಜ್–ವಿಂಧ್ಯಾಚಲ ನಡುವೆ ಇಂಥದೇ ಕೀಲಿ ಹಂಚಿಕೆಯಲ್ಲಿ ನೂರು ಕಿ.ಮೀ. ದಾಟಿದವು.

ನಿಸರ್ಗದ ನಿಯಮ ಭದ್ರ ಸರಿ, ಯಂತ್ರ? ಬೆನೆಟ್–ಬ್ರಸಾರ್ ಜೋಡಿಯ 1989ರ ಮೊದಲ ಉಪಕರಣದಲ್ಲಿ ಬೆಳಕು ಸಾಗಿದ್ದು ಸುಮಾರು ಒಂದಡಿ. ಅದರ ವಿದ್ಯುತ್ ಘಟಕ ಬಿಟ್ಟಿಗೊಂದು ಬಗೆಯ ಸದ್ದು ಮಾಡುತ್ತಿತ್ತು. ಕಳ್ಳ ಕಿವುಡನಾಗಿದ್ದರೆ ಮಾತ್ರ ಇದು ಭದ್ರ ಎಂದು ಬ್ರಸಾರ್ ಅವರೇ ಆಮೇಲೆ ಗೇಲಿ ಮಾಡಿದರು. 2010ರಲ್ಲಿ ನಾರ್ವೆಯ ಸಂಶೋಧಕರೂ ಅವರ ಸಂಗಡಿಗರೂ ಮಾರುಕಟ್ಟೆಯ ಯಂತ್ರಗಳ ಡಿಟೆಕ್ಟರ್‌ಗೆ ಪ್ರಖರ ಬೆಳಕು ಹಾಯಿಸಿ ಕುರುಡಾಗಿಸಿದರು. ತಪ್ಪಿನ ಪ್ರಮಾಣ ಏರದಂತೆಯೇ ಕೀಲಿಯನ್ನು ಲಪಟಾಯಿಸಬಹುದೆಂದು ತೋರಿಸಿಕೊಟ್ಟರು.