ಒಂದೇ ವಯಸ್ಸಿನ ರೋಗಾಣುಗಳು

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಗೆ ಚಳಿಜ್ವರ ಹೊಸದಲ್ಲ. ಚಿಕ್ಕಮಗಳೂರು ಜಿಲ್ಲೆಯನ್ನು ಕಡೂರು ಜಿಲ್ಲೆಯೆಂದೇ ಕರೆಯುತ್ತಿದ್ದ ಕಾಲದಲ್ಲಿ, 1920ರ ದಶಕದ ಕೊನೆಯ ಹೊತ್ತಿಗೆ, ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಆರಿಸಿಕೊಂಡ ಊರುಗಳಲ್ಲಿ ಇದೇ ಜಿಲ್ಲೆಯ ಮೂಡಿಗೆರೆಯೂ ಇತ್ತು. ಒಂದು ದಿನ ನಡುಕ, ಮರುದಿನ ಬಿಡುವು, ಮತ್ತೆ ನಡುಕ. ಈ ವರಸೆಗೆ ಕಾರಣವಿದೆ. ಕೆಂಪು ರಕ್ತಕಣವನ್ನು ಹೊಕ್ಕ ರೋಗಾಣು ಸುಮಾರು 48 ಗಂಟೆಯಲ್ಲಿ ಬೆಳೆದು, ಹಲವು ಮರಿಗಳಾಗಿ, ಕಣವನ್ನು ಒಡೆದು ಹೊರಬೀಳುತ್ತದೆ. ಲೆಕ್ಕವಿಲ್ಲದಷ್ಟು ಕಣಗಳು ಒಂದೇ ಹೊತ್ತಿಗೆ ಒಡೆದಾಗ ಮೈ ನಡುಗುತ್ತದೆ. ವೈವಾಕ್ಸ್ ಬಗೆಯಲ್ಲಿ ಈ ಲಯ ಸ್ಪಷ್ಟ, ಫಾಲ್ಸಿಪ್ಯಾರಮ್‌ನಲ್ಲಿ ಅಷ್ಟಿಲ್ಲ.

ಪ್ರಯೋಗಾಲಯದ ಕಥೆ ಬೇರೆ. 1976ರಲ್ಲಿ ನ್ಯೂಯಾರ್ಕಿನಲ್ಲಿ ಟ್ರೇಗರ್ ಮತ್ತು ಜೆನ್ಸೆನ್ ಫಾಲ್ಸಿಪ್ಯಾರಮ್ ರೋಗಾಣುವನ್ನು ದೇಹದ ಹೊರಗೆ, ಮನುಷ್ಯರ ರಕ್ತಕಣಗಳಲ್ಲಿ ನಿರಂತರವಾಗಿ ಬೆಳೆಸಿ ತೋರಿಸಿದರು. ಆಮ್ಲಜನಕ ತಗ್ಗಲೆಂದು ಗಾಜಿನ ಜಾಡಿಯೊಳಗೆ ಮೇಣದಬತ್ತಿ ಹಚ್ಚಿಟ್ಟು, ಅದು ಆರಿದಾಗ ಜಾಡಿಯನ್ನು ಬಿಗಿಯುತ್ತಿದ್ದರು. ಆದರೆ ಹೀಗೆ ಬೆಳೆಸಿದ ರೋಗಾಣುಗಳ ವಯಸ್ಸು ಕೆಲವೇ ಸುತ್ತುಗಳಲ್ಲಿ ಕಲಸಿಹೋಗುತ್ತದೆ. ಒಂದೇ ರಾಗಿ ಹೊಲದಲ್ಲಿ ಮೊಳಕೆ, ತೆಂಡೆ, ತೆನೆ ಎಲ್ಲ ಒಟ್ಟಿಗೆ ನಿಂತಂತೆ. ಆಗ ಔಷಧ ಹಾಕಿದರೆ ಅದು ಯಾವ ವಯಸ್ಸಿನವನ್ನು ಕೊಂದಿತೆಂದು ಹೇಳಲಾಗದು.

ಇದಕ್ಕೆ 1979ರಲ್ಲಿ ಲ್ಯಾಂಬ್ರೋಸ್ ಮತ್ತು ವ್ಯಾಂಡರ್‌ಬರ್ಗ್ ಕಂಡುಕೊಂಡ ಉಪಾಯ ಅಚ್ಚರಿಪಡುವಷ್ಟು ಸರಳ. ಸಕ್ಕರೆರಹಿತ ಚ್ಯೂಯಿಂಗ್ ಗಮ್‌ಗೆ ಸಿಹಿ ಕೊಡುವ ಸಾರ್ಬಿಟಾಲ್ ಸಾಕು. ಬಲಿತ ರೋಗಾಣು ಆಹಾರ ಎಳೆದುಕೊಳ್ಳಲು ತಾನಿರುವ ರಕ್ತಕಣದ ಪೊರೆಯಲ್ಲಿ ಹೊಸ ದಾರಿಗಳನ್ನು ತೆರೆದಿರುತ್ತದೆ. ಶೇ. 5ರ ದ್ರಾವಣದಲ್ಲಿ ಕೆಲವು ನಿಮಿಷ ಇಟ್ಟರೆ ಆ ದಾರಿಯಲ್ಲೇ ಸಾರ್ಬಿಟಾಲ್ ಒಳನುಗ್ಗುತ್ತದೆ, ಹಿಂದೆಯೇ ನೀರೂ ನುಗ್ಗಿ ಕಣ ಉಬ್ಬಿ ಒಡೆಯುತ್ತದೆ. ಎಳೆಯ ರೋಗಾಣು ಇನ್ನೂ ದಾರಿ ತೆರೆದಿಲ್ಲವಾದ್ದರಿಂದ ಉಳಿದುಕೊಳ್ಳುತ್ತದೆ. ಗೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೆಳು ನೀಲಿ ಉಂಗುರ, ಅಂಚಿನಲ್ಲೊಂದು ಕೆನ್ನೇರಳೆ ಚುಕ್ಕೆ. ಮುಂದಿನ ಸುತ್ತಿನಲ್ಲಿ ಮತ್ತೊಮ್ಮೆ ಹೀಗೆಯೇ ಮಾಡಿದರೆ ವಯಸ್ಸಿನ ಅಂತರ ಇನ್ನೂ ಕಿರಿದಾಗುತ್ತದೆ.

ಬಲಿತವೇ ಬೇಕೆಂದರೆ ಅಯಸ್ಕಾಂತ ನೆರವಿಗೆ ಬರುತ್ತದೆ. ಹಿಮೋಗ್ಲೋಬಿನ್ ತಿಂದು ರೋಗಾಣು ಕೂಡಿಟ್ಟ ಕಬ್ಬಿಣಾಂಶದ ಹರಳುಗಳನ್ನು ಅದು ಸೆಳೆಯುತ್ತದೆ.

ವಯಸ್ಸಿನ ಪ್ರಶ್ನೆ ಬೆಂಗಳೂರಿಗೂ ತಟ್ಟಿದೆ. ಟೂತ್‌ಪೇಸ್ಟಿನಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ರಕ್ತದಲ್ಲಿನ ರೋಗಾಣುವನ್ನು ತಡೆಯುತ್ತದೆಂದು ಅಲ್ಲಿನ ವಿಜ್ಞಾನಿಗಳಾದ ನಮಿತಾ ಸುರೋಲಿಯಾ ಮತ್ತು ಅವಧೇಶ ಸುರೋಲಿಯಾ 2001ರಲ್ಲಿ ಪ್ರಕಟಿಸಿದರು. ಅದು ಹಿಡಿಯುವ ಕಿಣ್ವ ರೋಗಾಣುವಿಗೆ ಅನಿವಾರ್ಯವಾಗುವುದು ರಕ್ತದಲ್ಲಲ್ಲ, ಯಕೃತ್ತಿನ ಹಂತದ ಕೊನೆಯಲ್ಲಿ ಎಂದು ಬೇರೆಯವರ ಪ್ರಯೋಗಗಳು ಆಮೇಲೆ ತೋರಿಸಿದವು. ಯಾವ ಹಂತಕ್ಕೆ ಯಾವ ಮದ್ದು ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ಕೆದಕಬೇಕಾಗುತ್ತದೆ. ಮಲೇರಿಯಾದ ಮದ್ದಾದ ಆರ್ಟೆಮಿಸಿನಿನ್‌ಗೆ ಬಗ್ಗದ ತಳಿಗಳನ್ನು ಹಿಡಿಯುವ ಪರೀಕ್ಷೆಯಂತೂ ಪೂರ್ತಿ ನಿಂತಿರುವುದೇ ರೋಗಾಣುಗಳನ್ನು ಹೀಗೆ ಒಂದೇ ವಯಸ್ಸಿಗೆ ತರುವುದರ ಮೇಲೆ. 0ಯಿಂದ 3 ಗಂಟೆ ವಯಸ್ಸಿನ ಉಂಗುರಗಳನ್ನಷ್ಟೇ ಆರಿಸಿ, 6 ಗಂಟೆ ಔಷಧದಲ್ಲಿಟ್ಟು, ತೊಳೆದು, 72ನೇ ಗಂಟೆಗೆ ಎಷ್ಟು ಬದುಕಿವೆಯೆಂದು ಎಣಿಸುತ್ತಾರೆ.