ಬಿಸಿಲು ಬೇರೆ, ಸೆಕೆ ಬೇರೆ

ಮೈಸೂರಿನಿಂದ ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೀರಾ? ಮಡಿಕೇರಿಯಲ್ಲಿ ತಣ್ಣಗೆ ಮುಖಕ್ಕೆ ಬಡಿಯುತ್ತಿದ್ದ ಗಾಳಿ, ಸುಳ್ಯ ಬರುವಷ್ಟರಲ್ಲಿ ಹಿಂಡದ ಬಟ್ಟೆಯ ಹಾಗೆ ಮೈಗೆ ಅಂಟಿಕೊಳ್ಳುತ್ತದೆ. 1978ರ ಏಪ್ರಿಲ್‌ನಲ್ಲಿ ಬ್ಯಾಂಕಿನ ವರ್ಗಾವಣೆ ಆದೇಶ ಜೇಬಿನಲ್ಲಿಟ್ಟುಕೊಂಡು ನಾನು ಮೊದಲ ಸಲ ಆ ದಾರಿಯಲ್ಲಿ ಇಳಿದೆ. ಅದಕ್ಕೆ ಮುಂಚೆ ಆಗಿನ ಗುಲ್ಬರ್ಗದಲ್ಲಿ ಎರಡು ಬೇಸಗೆ ಕಳೆದಿದ್ದೆ. 42 ಡಿಗ್ರಿ ಕಂಡು ಬಂದವನಿಗೆ 34 ಡಿಗ್ರಿಯ ಮಂಗಳೂರು ಯಾವ ಲೆಕ್ಕ ಎಂಬ ಜಂಬ ನನಗಿತ್ತು.

ಲೆಕ್ಕ ತಪ್ಪಿತು. ಅದೂ ಕ್ಯಾಷ್ ಕೌಂಟರಿನಲ್ಲೇ.

ಗುಲ್ಬರ್ಗದಲ್ಲಿ ನೋಟು ಎಣಿಸುವಾಗ ಬೆರಳನ್ನು ಮತ್ತೆ ಮತ್ತೆ ನೀರಿನ ಸ್ಪಂಜಿಗೆ ಒತ್ತಬೇಕಿತ್ತು. ಹಂಪನಕಟ್ಟೆಯ ಬಳಿ ಇದ್ದ ನಮ್ಮ ಶಾಖೆಯಲ್ಲಿ ಸ್ಪಂಜೇ ಬೇಡ! ಬೆರಳೂ ಒದ್ದೆ, ನೋಟೂ ಒದ್ದೆ. ಲೆಡ್ಜರಿನ ಮೇಲೆ ಬಗ್ಗಿದರೆ ಹಣೆಯಿಂದ ಹನಿ ಬಿದ್ದು ಶಾಯಿ ಹರಡುತ್ತಿತ್ತು. ನಾಲ್ಕನೆಯ ದಿನ ಸಂಜೆ ಕ್ಯಾಷ್ ಮುಗಿಸಿದಾಗ ನೂರು ರೂಪಾಯಿ ಕಡಿಮೆ. ಅಂಟಿಕೊಂಡ ಎರಡು ನೋಟನ್ನು ಒಂದೆಂದು ಎಣಿಸಿ ಯಾರಿಗೋ ಕೊಟ್ಟಿದ್ದೆ. ಕೈಯಿಂದ ಕಟ್ಟಬೇಕಾಯಿತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ರಾತ್ರಿಯಾದರೂ ತಣ್ಣಗಾದೀತು ಎಂದುಕೊಂಡರೆ ಅದೂ ಇಲ್ಲ. ಮೈಸೂರಿನಲ್ಲಿ ಎಂಥ ಬೇಸಗೆಯಾದರೂ ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳುತ್ತೇವೆ. ಕಡಲ ನೀರು ನೆಲದ ಹಾಗೆ ಬೇಗ ಬಿಸಿಯಾಗುವುದೂ ಇಲ್ಲ, ಬೇಗ ತಣಿಯುವುದೂ ಇಲ್ಲ. ಆದ್ದರಿಂದ ಮೇ ತಿಂಗಳಲ್ಲಿ ಮಂಗಳೂರಿನ ರಾತ್ರಿಯ ಉಷ್ಣಾಂಶ ಹೆಚ್ಚು ಕೆಳಗಿಳಿಯುವುದು ಅಪರೂಪ. ಮೊದಲ ವಾರ ನನಗೆ ನಿದ್ದೆ ಇಲ್ಲ, ಹಸಿವಿಲ್ಲ, ಕತ್ತಿನ ಸುತ್ತ ಬೆವರುಸಾಲೆ. ಜೊತೆಗೆ ಕಾರಣವಿಲ್ಲದೆ ಎಲ್ಲರ ಮೇಲೂ ಸಿಡುಕು.

ಗುಲ್ಬರ್ಗದಿಂದ ಒಂದು ಮಣ್ಣಿನ ಹೂಜಿಯನ್ನು ಜೋಪಾನವಾಗಿ ತಂದಿದ್ದೆ. ಅಲ್ಲಿ ಅದರ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತಿತ್ತು. ಇಲ್ಲಿ ಎರಡು ದಿನ ಇಟ್ಟರೂ ಅಷ್ಟಕ್ಕಷ್ಟೆ. ಹೂಜಿ ಕೆಟ್ಟಿರಬೇಕೆಂದು ಮನೆಯೊಡತಿಗೆ ತೋರಿಸಿದೆ. ಓಣಿಗೆಲ್ಲ ಅಕ್ಕ ಆಗಿದ್ದ ಅವರು ನಕ್ಕರು. “ಇಲ್ಲಿ ಹೂಜಿಯ ಬೆವರೇ ಆರುದಿಲ್ಲ ಮಾರಾಯ್ರೆ, ಮತ್ತೆ ನಿಮ್ಮದು ಆರ್ತದಾ?”

ಮಕ್ಕಳೇ, ವಿಜ್ಞಾನದ ಒಂದು ಇಡೀ ಪಾಠ ಆ ಮಾತಿನಲ್ಲಿದೆ. ನಮ್ಮ ಮೈಯನ್ನು ತಂಪು ಮಾಡುವುದು ಬೆವರು ಸುರಿಯುವುದಲ್ಲ, ಬೆವರು ಆರುವುದು. ನೀರು ಆವಿಯಾಗಿ ಹೋಗುವಾಗ ಮೈಯ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ. ಎಷ್ಟು ಶಾಖ ಗೊತ್ತೆ? ಒಂದು ಲೀಟರ್ ಬೆವರು ಪೂರ್ತಿ ಆವಿಯಾಗಲು ಬೇಕಾಗುವ ಶಾಖದಿಂದ, ಮಂಜುಗಡ್ಡೆಯಷ್ಟು ತಣ್ಣಗಿರುವ ಐದು ಲೀಟರಿಗೂ ಹೆಚ್ಚು ನೀರನ್ನು ಕುದಿಸಬಹುದು. ಹೂಜಿಯ ಸಣ್ಣ ರಂಧ್ರಗಳಿಂದ ಜಿನುಗುವ ನೀರು ಮಾಡುವುದೂ ಇದೇ ಕೆಲಸ.

ಆದರೆ ಗಾಳಿಯಲ್ಲಿ ಆಗಲೇ ನೀರಿನ ಆವಿ ತುಂಬಿದ್ದರೆ ಬೆವರು ಹೋಗುವುದೆಲ್ಲಿಗೆ? ಮೈಮೇಲೆ ನಿಂತು, ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಹಾಗೆ ಬಿದ್ದ ಬೆವರು ದಂಡ. ಮೈಯ ನೀರು, ಉಪ್ಪು ಎರಡೂ ಖರ್ಚಾದವು, ತಂಪು ಮಾತ್ರ ಜಮೆಯಾಗಲಿಲ್ಲ.

ಇದನ್ನು ಅಳೆಯಲು ಒಂದು ಹಳೆಯ ಉಪಾಯವಿದೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಲು ಬಿಡುವುದು. ಬೆವರಿದ ಮೈ ಎಷ್ಟರಮಟ್ಟಿಗೆ ತಣ್ಣಗಾಗಬಲ್ಲದು ಎಂಬುದಕ್ಕೆ ಅದು ಸೂಚನೆ. 42 ಡಿಗ್ರಿ ಬಿಸಿಲಿದ್ದರೂ ಗಾಳಿಯ ತೇವಾಂಶ ನೂರಕ್ಕೆ 20 ಇದ್ದರೆ, ಒದ್ದೆ ಬಟ್ಟೆಯ ಉಷ್ಣಮಾಪಕ ಸುಮಾರು 24 ಡಿಗ್ರಿಗೆ ಇಳಿಯುತ್ತದೆ. ಅದೇ 34 ಡಿಗ್ರಿಯಲ್ಲಿ ತೇವಾಂಶ 65 ಇದ್ದರೆ ಅದು 28ರಿಂದ ಕೆಳಗೆ ಬರುವುದಿಲ್ಲ. ಕಲಬುರಗಿಯದು ಬಿಸಿಲು, ಮಂಗಳೂರಿನದು ಸೆಕೆ. ಒಂದು ಸುಡುತ್ತದೆ, ಇನ್ನೊಂದು ಬೇಯಿಸುತ್ತದೆ. ಇದನ್ನರಿಯದೆ ಘಟ್ಟದ ಮೇಲಿನವರು ನೀರು ಹಾಕುವ ಏರ್ ಕೂಲರನ್ನು ಕರಾವಳಿಗೆ ಹೊತ್ತು ತಂದು, ಕೋಣೆಯ ಸೆಕೆಯನ್ನು ಇನ್ನಷ್ಟು ಹೆಚ್ಚಿಸಿಕೊಳ್ಳುವುದುಂಟು.

ಅಕ್ಕ ನನಗೆ ಮಾಡಿದ ಉಪಚಾರ ಸರಳ. ಬೂಟು, ಟೆರಿಲಿನ್ ಅಂಗಿ ಬಿಡಿಸಿ, ತೆಳು ಹತ್ತಿಯ ಅಂಗಿ ಮತ್ತು ಚಪ್ಪಲಿಗೆ ಇಳಿಸಿದರು. ಬೆಳಿಗ್ಗೆ ಕುಚ್ಚಲಕ್ಕಿಯ ಗಂಜಿ, ಜೊತೆಗೆ ಉಪ್ಪಿನಕಾಯಿ. ಮಧ್ಯಾಹ್ನ ಮಜ್ಜಿಗೆ, ಸಂಜೆ ಪುನರ್ಪುಳಿ ಶರಬತ್ತು. ಬಡವರ ಊಟವೆಂದು ನಾನು ಮೂಗು ಮುರಿದಿದ್ದ ಗಂಜಿಯಲ್ಲಿ ಬೆವರಿನಲ್ಲಿ ಹೋದದ್ದೆಲ್ಲ ಇತ್ತು: ನೀರು, ಉಪ್ಪು, ಜೊತೆಗೆ ಹೊಟ್ಟೆಗೆ ಹಿಟ್ಟು. “ಹದಿನೈದು ದಿನ ತಡ್ಕೊಳ್ಳಿ, ಆಮೇಲೆ ನೀವೂ ಊರಿನವರೇ” ಎಂದರು.

ಹಾಗೆಯೇ ಆಯಿತು. ಹೊಸ ಸೆಕೆಗೆ ಹೊಂದಿಕೊಳ್ಳಲು ದೇಹಕ್ಕೆ ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಬರಲು ಕಲಿಯುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಎದೆಬಡಿತವೂ ಹದಕ್ಕೆ ಬರುತ್ತದೆ. ಮೂರನೆಯ ವಾರ ನಾನು ನೋಟೆಣಿಸುತ್ತಾ ಹಾಡು ಗುನುಗುತ್ತಿದ್ದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬಿಸಿ ಇಳಿಯಿತು, ತೇವ ಇಳಿಯಲಿಲ್ಲ. ಉಪ್ಪಿನ ಡಬ್ಬಿಯಲ್ಲಿ ನೀರೊಡೆಯಿತು, ಬೆಂಕಿಕಡ್ಡಿ ಹೊತ್ತಲಿಲ್ಲ, ಪೆಟ್ಟಿಗೆಗೆ ಸೇರಿಸಿದ್ದ ಬೂಟಿನ ಮೇಲೆ ಹಸಿರು ಬೂಷ್ಟು ಬೆಳೆಯಿತು. ಆದರೂ ಮೂರು ವರ್ಷ ಸುಖವಾಗಿಯೇ ಇದ್ದೆ.

ಹೋದ ವರ್ಷ ನನಗೆ ಮುಳುವಾದದ್ದು ಆ ಮೂರು ವರ್ಷದ ಅನುಭವವೇ.

ಮಗನಿಗೆ ಮಂಗಳೂರಿನಲ್ಲಿ ಕೆಲಸವಾಗಿದೆ. ಏಪ್ರಿಲ್ ರಜೆಯಲ್ಲಿ ಮೊಮ್ಮಗನ ಜೊತೆ ಇರಲೆಂದು ಮೈಸೂರಿನಿಂದ ಹೋದೆ. ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, “ಈ ಊರು ನನಗೆ ಹೊಸದಲ್ಲ ಕಣೋ” ಎಂದು ಹತ್ತು ವರ್ಷದ ಅವನನ್ನು ಕರೆದುಕೊಂಡು ಮಾವಿನಹಣ್ಣು ತರಲು ನಡೆದೇ ಹೊರಟೆ. ಸೊಸೆ ಕೊಡಬಂದ ನೀರಿನ ಬಾಟಲಿಯನ್ನು ಬೇಡವೆಂದೆ. ಬಾಯಾರಿಕೆಯೇ ಇರಲಿಲ್ಲವಲ್ಲ!

ಹಣ್ಣು ಕೊಂಡು ಏರುದಾರಿಯಲ್ಲಿ ಬರುವಾಗ ಮೀನಖಂಡ ಹಿಡಿದುಕೊಂಡಿತು. ತಲೆ ಹಗುರಾಯಿತು. ಒಂದು ಗೂಡಂಗಡಿಯ ಮುಂದೆ ನಿಂತು ಸೋಡಾ ಕೇಳಿದೆ. ಅಂಗಡಿಯವರು ಕೊಟ್ಟ ಚಿಲ್ಲರೆ ಎಣಿಸತೊಡಗಿದೆ. ಎಂಬತ್ತು ರೂಪಾಯಿ. ಒಮ್ಮೆ ಅರವತ್ತು ಬಂತು, ಒಮ್ಮೆ ನೂರು ಬಂತು. ಮೂರನೆಯ ಸಲ ಎಣಿಸುವಾಗ ಮೊಮ್ಮಗ ನನ್ನ ಕೈ ಹಿಡಿದ. “ತಾತ, ನಿಮಗೆ ಎಣಿಸೋದು ತಪ್ತಾ ಇದೆ. ಕೂತ್ಕೊಳ್ಳಿ.”

ಮೂವತ್ತು ವರ್ಷಕ್ಕೂ ಮಿಕ್ಕಿ ನೋಟೆಣಿಸಿದ ತಾತನಿಗೆ ಲೆಕ್ಕ ತಪ್ಪುತ್ತಿದೆ ಎಂದರೆ ಏನೋ ಸರಿಯಿಲ್ಲ ಎಂದು ಮಗುವಿಗೆ ಹೊಳೆದಿತ್ತು, ನನಗೆ ಹೊಳೆದಿರಲಿಲ್ಲ. ಅಂಗಡಿಯವರು ನನ್ನನ್ನು ನೆರಳಿಗೆ ಸರಿಸಿ, ಅಂಗಿಯ ಗುಂಡಿ ಬಿಚ್ಚಿ, ಬೈರಾಸನ್ನು ನೀರಿನಲ್ಲಿ ಅದ್ದಿ ಕತ್ತು, ಎದೆ ಒರೆಸಿದರು. ಹುಡುಗ ರಟ್ಟಿನ ತುಂಡಿನಿಂದ ಗಾಳಿ ಬೀಸಿದ. ಪಕ್ಕದವರು ಬೊಂಡ ಕೆತ್ತಿಸಿ ತಂದರು. ಆಟೋದಲ್ಲಿ ವೈದ್ಯರ ಬಳಿ ಹೋದಾಗ ನಾನು ಸುಧಾರಿಸಿಕೊಂಡಿದ್ದೆ.

ವೈದ್ಯರು ಮೂರು ಮಾತು ಹೇಳಿದರು. ಸೆಕೆಗೆ ಹೊಂದಿಕೊಂಡ ದೇಹ, ಆ ಊರು ಬಿಟ್ಟ ಕೆಲವೇ ವಾರಗಳಲ್ಲಿ ಅದನ್ನು ಮರೆಯುತ್ತದೆ. ಅದು ನಲವತ್ತು ವರ್ಷ ಉಳಿಯುವ ಠೇವಣಿಯಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂಕಾಗುತ್ತದೆ, ಬೆವರೂ ಕಡಿಮೆಯಾಗುತ್ತದೆ. ಆದ್ದರಿಂದ ಬಾಯಾರಿಕೆಗಾಗಿ ಕಾಯದೆ ಹೊತ್ತುಹೊತ್ತಿಗೆ ಕುಡಿಯಬೇಕು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸಿ ಮೈಯ ನೀರನ್ನು ಇಳಿಸುತ್ತವೆ. ಪ್ರಯಾಣಕ್ಕೆ ಮುಂಚೆ ನಿಮ್ಮ ವೈದ್ಯರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನೂ ಕೇಳಿಕೊಳ್ಳಬೇಕು.

ಹೊಸದಾಗಿ ಕರಾವಳಿಗೆ ಹೋಗುವ ಅಜ್ಜ ಅಜ್ಜಿಯರಿಗೂ ಮಕ್ಕಳಿಗೂ ನನ್ನ ಸಲಹೆ ಇಷ್ಟು. ಮೊದಲ ವಾರ ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ ತಿರುಗಾಡಿ, ಆಟವಾಡಿ; ದಿನಕ್ಕಿಷ್ಟು ಹೆಚ್ಚಿಸುತ್ತಾ ಹೋಗಿ. ತುಂಬ ಬೆವರಿದ ದಿನ ಬರೀ ನೀರು ಸಾಲದು. ಗಂಜಿ, ಮಜ್ಜಿಗೆ, ಬೊಂಡ ಇರಲಿ. ವಾಂತಿ ಭೇದಿಯೂ ಸೇರಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಇಲ್ಲಿ ಚಮಚವೆಂದರೆ ಚಹಾ ಚಮಚ. ಮೂತ್ರ ಕಡು ಹಳದಿಯಾದರೆ ನೀರು ಸಾಲದೆಂದು ಅರ್ಥ. ಯಾರಾದರೂ ಮಾತು ತೊದಲಿದರೆ, ಗೊಂದಲಗೊಂಡರೆ, ಮೈ ಕೆಂಡದಂತೆ ಸುಟ್ಟರೆ ಕಾಯಬೇಡಿ. ನೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಮಕ್ಕಳಿಗೊಂದು ಪ್ರಯೋಗ: ಒಂದೇ ಅಳತೆಯ ಕರವಸ್ತ್ರವನ್ನು ಒದ್ದೆ ಮಾಡಿ, ಹಿಂಡಿ, ನೆರಳಿನಲ್ಲಿ ಹರವಿ, ಆರಲು ಎಷ್ಟು ಹೊತ್ತಾಯಿತೆಂದು ಬರೆದಿಡಿ. ನಿಮ್ಮೂರಿನಲ್ಲೊಮ್ಮೆ, ಹೋದ ಊರಿನಲ್ಲೊಮ್ಮೆ. ಕರವಸ್ತ್ರ ಆರದ ಊರಿನಲ್ಲಿ ನಿಮ್ಮ ಬೆವರೂ ಆರದು.

ಈ ಏಪ್ರಿಲ್‌ಗೆ ಮತ್ತೆ ಹೊರಟಿದ್ದೇನೆ. ಮೊಮ್ಮಗ ಆಗಲೇ ಫೋನಿನಲ್ಲಿ ಹೇಳಿದ್ದಾನೆ: “ತಾತ, ಮೊದಲನೇ ವಾರ ಜಗಲಿ ಮೇಲೆ ಕೂತು ಸ್ಕೋರ್ ಬರೀರಿ ಸಾಕು. ಎರಡನೇ ವಾರ ಬ್ಯಾಟಿಂಗ್ ಕೊಡ್ತೀನಿ.” ಒಪ್ಪಿದ್ದೇನೆ. ಈ ಸಲ ನೀರಿನ ಬಾಟಲಿಯನ್ನೂ ಬೇಡವೆನ್ನುವುದಿಲ್ಲ.